ತೋಳ ಒಂದೇ, ಹೆಸರು ಮೂವತ್ತೆಂಟು: ಜಾಗ ಬದಲಾದರೆ ತೋಳ ಎಷ್ಟು ಬದಲಾಗುತ್ತದೆ?

ಬಯಲುಗಾಳಿ

ಎಲ್ಲರಿಗೂ ನಮಸ್ಕಾರ. ಮೂರ್ನಾಲ್ಕು ತಿಂಗಳಿಂದ ತೋಳಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ.

2005ರಲ್ಲಿ ಬಂದ ಸಸ್ತನಿಗಳ ದೊಡ್ಡ ಪಟ್ಟಿಯಲ್ಲಿ ಬೂದು ತೋಳಕ್ಕೆ, ಅಂದರೆ ಕ್ಯಾನಿಸ್ ಲೂಪಸ್‌ಗೆ, 38 ಉಪಪ್ರಭೇದಗಳಿವೆ, ಅಂದರೆ ಒಂದೇ ಪ್ರಭೇದದ ಒಳಗಿನ ಬಗೆಗಳು. ಸಾಕುನಾಯಿ, ಆಸ್ಟ್ರೇಲಿಯಾದ ಕಾಡುನಾಯಿ ಡಿಂಗೊ ಕೂಡ ಅದರಲ್ಲೇ ಸೇರಿವೆ. ಹಳೆಯ ಪುಸ್ತಕ ತೆಗೆದರೆ ಉತ್ತರ ಅಮೆರಿಕ ಒಂದರಲ್ಲೇ 24 ಹೆಸರು. 1995ರಲ್ಲಿ ರೊನಾಲ್ಡ್ ನೊವಾಕ್ ಎಂಬ ವಿಜ್ಞಾನಿ ಅದನ್ನು 5ಕ್ಕೆ ಇಳಿಸಿದರು. ಉಳಿದ 19 ಬಗೆಯ ತೋಳ ಎಲ್ಲಿ ಹೋದವು?

ಇನ್ನೊಂದು ಕಡೆ, ಅರೇಬಿಯಾದ ತೋಳ 20 ಕೆಜಿ ಆಸುಪಾಸು ತೂಗುತ್ತದೆ. ವಾಯವ್ಯ ಕೆನಡಾದ ಗಂಡು ತೋಳ 50 ಕೆಜಿ ದಾಟುತ್ತದೆ. ಇಷ್ಟು ವ್ಯತ್ಯಾಸ ಇದ್ದರೂ ಎರಡೂ ಒಂದೇ ಪ್ರಭೇದ. ಹಾಗಾದರೆ ಉಪಪ್ರಭೇದ ಅನ್ನೋದು ಕಾಡಿನಲ್ಲಿ ನಿಜವಾಗಿ ಇರುವ ವಿಷಯವಾ, ಸುಮ್ನೆ ಪುಸ್ತಕದ ವಿಂಗಡಣೆಯಾ? ಗೊತ್ತಿರುವವರು ಬಿಡಿಸಿ ಹೇಳಿ.

ಮೂಳೆಮಾತು

ಆ 19ರಲ್ಲಿ ಕೆಲವು ನಿಜವಾಗಿಯೂ ಅಳಿದುಹೋಗಿವೆ. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತೋಳ ಈಗಿಲ್ಲ. ಆದರೆ ಪಟ್ಟಿ ಚಿಕ್ಕದಾದದ್ದು ಅದರಿಂದಲ್ಲ. ತೋಳ ತೋಳಗಳ ಮಧ್ಯೆ ಎಳೆದಿದ್ದ ಗೆರೆಗಳನ್ನು ಅಳಿಸಿದರು ಅಷ್ಟೇ.

ಹಿಂದೆ ಹೆಸರಿಡುತ್ತಿದ್ದ ರೀತಿ ನೋಡಿ. ಯಾವುದೋ ಕಣಿವೆಯಿಂದ ಒಂದೆರಡು ಚರ್ಮ, ಒಂದೆರಡು ತಲೆಬುರುಡೆ ಬರುತ್ತಿತ್ತು. ಬಣ್ಣ ಸ್ವಲ್ಪ ಮಾಸಲು, ಹಲ್ಲು ಸ್ವಲ್ಪ ದಪ್ಪ ಅಂತ ಕಂಡರೆ ಹೊಸ ಹೆಸರು ಬೀಳುತ್ತಿತ್ತು. ಒಂದೇ ಗುಂಪಿನ ಅಣ್ಣತಮ್ಮಂದಿರಲ್ಲೂ ಅಷ್ಟು ವ್ಯತ್ಯಾಸ ಇರುತ್ತದೆ ಅಂತ ತಿಳಿಯಲು ಅವರ ಹತ್ತಿರ ಸಾಕಷ್ಟು ಮಾದರಿಗಳೇ ಇರಲಿಲ್ಲ. ನೊವಾಕ್ ನೂರಾರು ಬುರುಡೆಗಳನ್ನು ಅಳೆದರು. ಅಕ್ಕಪಕ್ಕದ ಹೆಸರುಗಳ ಅಳತೆ ಒಂದರ ಮೇಲೊಂದು ಬೀಳುತ್ತಿತ್ತು. ಬೇರೆಯಾಗಿ ನಿಂತದ್ದು ಐದೇ ಗುಂಪು.

ನಾನು ಒಂದು ಸಂಗ್ರಹಾಲಯದಲ್ಲಿ ಉತ್ತರದ ತೋಳದ ಬುರುಡೆ ಮತ್ತು ಭಾರತದ ತೋಳದ ಬುರುಡೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದ್ದೇನೆ. ಉತ್ತರದ್ದನ್ನು ಎತ್ತಲು ಎರಡೂ ಕೈ ಬೇಕಾಯಿತು. ಕೆನ್ನೆಯ ಮೂಳೆ ಕಮಾನಿನಂತೆ ಹೊರಗೆ ಬಾಗಿತ್ತು. ತಲೆಯ ನಡುವೆ ಹಿಂದಕ್ಕೆ ಓಡುವ ಏಣು ಬೆರಳಿಗೆ ಚೆನ್ನಾಗಿ ಸಿಗುತ್ತಿತ್ತು. ದವಡೆಯ ಸ್ನಾಯು ಅಂಟಿಕೊಳ್ಳುವ ಜಾಗ ಅದು. ದೊಡ್ಡ ಮೂಳೆ ಒಡೆಯುವ ತೋಳಕ್ಕೆ ಆ ಏಣು ಎತ್ತರವಾಗಿಯೇ ಇರಬೇಕು. ಭಾರತದ್ದು ಹಗುರ, ಸಪೂರ. ಏಣು ಇತ್ತು, ಆದರೆ ತಗ್ಗು. ಎರಡನ್ನೂ ಒಟ್ಟಿಗೆ ನೋಡಿದವರು ವ್ಯತ್ಯಾಸ ಬರೀ ಪುಸ್ತಕದ್ದು ಅನ್ನಲಾರರು.

ಆದರೆ ಆ ಎರಡರ ನಡುವಿನ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಬುರುಡೆಗಳನ್ನು ಸಾಲಾಗಿ ಜೋಡಿಸಿದರೆ, "ಇಲ್ಲಿಗೆ ಒಂದು ಮುಗಿಯಿತು, ಇಲ್ಲಿಂದ ಇನ್ನೊಂದು" ಅಂತ ಬೆರಳಿಡುವುದು ಬಹಳ ಕಷ್ಟ. ನಿಮ್ಮ ಗೊಂದಲದ ಬೇರು ಅಲ್ಲಿದೆ. ತುದಿಗಳು ಸ್ಪಷ್ಟ, ನಡು ಮಸುಕು.

ಹಿಮದಹೆಜ್ಜೆ

ಗಾತ್ರದ ವಿಷಯಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ.

ಎರಡು ಹಳೆಯ ನಿಯಮಗಳಿವೆ. ಚಳಿ ಜಾಸ್ತಿ ಇರುವಲ್ಲಿ ಒಂದೇ ಬಗೆಯ ಪ್ರಾಣಿ ದೊಡ್ಡದಾಗಿರುತ್ತದೆ ಅಂತ 1847ರಲ್ಲಿ ಬರ್ಗ್‌ಮನ್ ಹೇಳಿದರು. ದೊಡ್ಡ ದೇಹಕ್ಕೆ ತೂಕದ ಲೆಕ್ಕದಲ್ಲಿ ಹೊರಮೈ ಕಡಿಮೆ, ಹಾಗಾಗಿ ಶಾಖ ಬೇಗ ಸೋರುವುದಿಲ್ಲ. ಚಳಿಯಲ್ಲಿ ಕಿವಿ, ಕಾಲು, ಮೂತಿ ಗಿಡ್ಡ ಅಂತ 1877ರಲ್ಲಿ ಅಲೆನ್ ಹೇಳಿದರು. ತೋಳಗಳಲ್ಲಿ ಇವೆರಡೂ ಕಣ್ಣಿಗೆ ಕಾಣುತ್ತವೆ. ಆರ್ಕ್ಟಿಕ್ ತೋಳದ ಕಿವಿ ಪುಟ್ಟದು, ದುಂಡಗೆ, ಮೂತಿ ಗಿಡ್ಡ, ಮೈತುಂಬ ಬಿಳಿ ತುಪ್ಪಳ. ಅರೇಬಿಯಾದ ತೋಳದ ಕಿವಿ ತಲೆಯ ಅಳತೆಗೆ ದೊಡ್ಡದು. ಶಾಖ ಹೊರಗೆ ಹೋಗಲು ಅದೇ ದಾರಿ. ಬೇಸಿಗೆಯ ತುಪ್ಪಳವೂ ತೆಳು.

ಆದರೆ ನಿಯಮವನ್ನು ಹಾಗೇ ನಂಬಿ ಕೂರಬೇಡಿ. ನಿಯಮವೇ ಪೂರ್ತಿ ನಿಜವಾಗಿದ್ದರೆ ಎಲ್ಲಕ್ಕಿಂತ ದೊಡ್ಡ ತೋಳ ಎಲ್ಲಕ್ಕಿಂತ ಉತ್ತರದಲ್ಲಿ ಇರಬೇಕಿತ್ತು, ಅಲ್ವಾ? ಹಾಗಿಲ್ಲ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದ ಬಿಳಿ ತೋಳಕ್ಕಿಂತ, ಅದಕ್ಕೆ ಎಷ್ಟೋ ದಕ್ಷಿಣದಲ್ಲಿರುವ ಅಲಾಸ್ಕಾ ಮತ್ತು ಪಶ್ಚಿಮ ಕೆನಡಾದ ಕಾಡಿನ ತೋಳ ದೊಡ್ಡದು. 1939ರಲ್ಲಿ ಅಲಾಸ್ಕಾದಲ್ಲಿ ಸಿಕ್ಕಿದ ಒಂದು ಗಂಡು 79 ಕೆಜಿ ಇತ್ತು ಅಂತ ದಾಖಲೆ ಇದೆ. ಕಾರಣ ಊಟ. ಆ ಕಾಡಿನಲ್ಲಿ ಮೂಸ್, ಎಲ್ಕ್ ಎಂಬ ದೊಡ್ಡ ಜಿಂಕೆಗಳಿವೆ, ಕೆಲವು ಕಡೆ ಕಾಡೆಮ್ಮೆಯಂಥ ಬೈಸನ್ ಇದೆ. ಎಲ್ಸ್‌ಮಿಯರ್‌ನಲ್ಲಿ ಕಸ್ತೂರಿ ಎತ್ತು ಸಿಗದ ದಿನ ಆರ್ಕ್ಟಿಕ್ ಮೊಲದ ಹಿಂದೆ ಓಡಬೇಕು. ತೋಳ ವಿಜ್ಞಾನಿ ಡೇವಿಡ್ ಮೆಕ್ 1986ರಿಂದ ಹಲವು ಬೇಸಿಗೆ ಅಲ್ಲೇ ಕೂತು ಆ ತೋಳಗಳನ್ನು ನೋಡಿದವರು. ಅಲ್ಲಿನ ತೋಳಗಳಿಗೆ ಮನುಷ್ಯರ ಭಯ ಕಡಿಮೆ ಇದ್ದದ್ದರಿಂದ ಅಷ್ಟು ಹತ್ತಿರದ ಅಧ್ಯಯನ ಸಾಧ್ಯವಾಯಿತು.

ಚಳಿ ಒಂದು ಕೈ, ಊಟ ಇನ್ನೊಂದು ಕೈ. ತೋಳದ ಮೈಯನ್ನು ಎರಡೂ ಸೇರಿ ರೂಪಿಸುತ್ತವೆ.

ಬಯಲುಗಾಳಿ

ಇದು ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಭಾರತದ ತೋಳ ಚಿಕ್ಕದಾಗಿರುವುದೂ ಬಿಸಿಲಿಗೆ ಮತ್ತು ಬೇಟೆಗೆ ಹೊಂದಿಕೊಂಡು ಮಾತ್ರವಾ? ಕೆಲವರು ಅದನ್ನು "ಸಣ್ಣ ಸೈಜಿನ ಬೂದು ತೋಳ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ.

ಕುರುಚಲುಕಾಡು

ಆ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಈ ತೋಳದ ಹೆಸರು ಕ್ಯಾನಿಸ್ ಲೂಪಸ್ ಪಾಲಿಪೆಸ್. 1831ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ದಖನ್ ಪ್ರಸ್ಥಭೂಮಿಯ ತೋಳ ನೋಡಿ ಇಟ್ಟ ಹೆಸರು. ಪಾಲಿಪೆಸ್ ಅಂದರೆ ಮಾಸಲು ಕಾಲಿನದು. ತೂಕ ಸುಮಾರು 17ರಿಂದ 25 ಕೆಜಿ. ಒಳತುಪ್ಪಳ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ನಾನು ಮೊದಲು ನೋಡಿದ್ದು ಬೆಳಗಿನ ಜಾವ, ಒಣ ಹುಲ್ಲಿನ ಬಯಲಿನಲ್ಲಿ. ನಾಯಿ ಅಂದುಕೊಂಡೆ. ಆಮೇಲೆ ಅದು ನಡೆದ ರೀತಿ ನೋಡಿ ಉಸಿರು ಹಿಡಿದೆ. ತಲೆ ತಗ್ಗಿಸಿ, ಬೆನ್ನು ಅಲುಗದ ಹಾಗೆ, ಒಂದೇ ಗೆರೆಯ ಮೇಲೆ ನಡೆಯುತ್ತಿತ್ತು. ಕಾಲು ಉದ್ದ, ಎದೆ ಕಿರಿದು. ಸೂರ್ಯ ಹಿಂದೆ ಇದ್ದದ್ದರಿಂದ ಕಿವಿಯೊಳಗಿನ ನರಗಳು ಕೆಂಪಗೆ ಕಾಣುತ್ತಿದ್ದವು. ಹುಲ್ಲಿನ ಬಣ್ಣ, ಅದರ ಮೈ ಬಣ್ಣ ಎರಡೂ ಒಂದೇ. ನಿಂತಿತು, ನನ್ನ ಕಡೆ ಒಮ್ಮೆ ನೋಡಿತು, ಮುಂದಿನ ಹೆಜ್ಜೆ ಇಡುವಷ್ಟರಲ್ಲಿ ಕಾಣದಾಯಿತು. ಅಲ್ಲಿ ಮರವೂ ಇರಲಿಲ್ಲ, ಬಂಡೆಯೂ ಇರಲಿಲ್ಲ.

ಅದರ ಬದುಕೂ ಉತ್ತರದ ತೋಳದ ಬದುಕಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಡ್ರೂಯಿಡ್ ಎಂಬ ಗುಂಪು 2001ರಲ್ಲಿ 37 ತೋಳಗಳವರೆಗೆ ಬೆಳೆದಿತ್ತು. ಇಲ್ಲಿ ಗಂಡು, ಹೆಣ್ಣು, ಬೆಳೆದ ಮರಿಗಳು, ಅಷ್ಟೇ ಗುಂಪು. ಬೇಟೆ ಕೃಷ್ಣಮೃಗ, ಚಿಂಕಾರ, ಮೊಲ, ಎಷ್ಟೋ ಕಡೆ ಕುರಿ, ಮೇಕೆ. ಮರಿ ಹಾಕುವ ಕಾಲವೂ ಬೇರೆ. ಉತ್ತರದ ತೋಳಗಳು ಏಪ್ರಿಲ್, ಮೇ ತಿಂಗಳಲ್ಲಿ ಮರಿ ಹಾಕಿದರೆ ಇವು ಚಳಿಗಾಲದಲ್ಲಿ, ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ ಹಾಕುತ್ತವೆ.

ಈಗ ಮುಖ್ಯ ವಿಷಯ. ತಾಯಿಯಿಂದ ಬರುವ ಡಿಎನ್ಎ ಆಧರಿಸಿದ ಸುಮಾರು ಇಪ್ಪತ್ತು ವರ್ಷ ಹಿಂದಿನ ಅಧ್ಯಯನಗಳೇ ಭಾರತದ ತೋಳ ಬಹಳ ಹಿಂದೆ ಕವಲೊಡೆದದ್ದು ಅಂತ ತೋರಿಸಿದ್ದವು. ಅವುಗಳ ಲೆಕ್ಕದಲ್ಲಿ ಸುಮಾರು 4 ಲಕ್ಷ ವರ್ಷ ಹಿಂದೆ. 2021ರಲ್ಲಿ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್ಎ, ಓದಿದ ಅಧ್ಯಯನ ಬಂತು. ಇವತ್ತು ಬದುಕಿರುವ ತೋಳಗಳಲ್ಲಿ ಇದು ಬಹಳ ಹಳೆಯ, ಬೇರೆಯದೇ ಆದ ಕವಲು ಅಂತ ಅದರಲ್ಲೂ ಬಂತು. ಪಶ್ಚಿಮ ಏಷ್ಯಾದ ತೋಳಗಳನ್ನೂ ಪಾಲಿಪೆಸ್ ಅಂತಲೇ ಕರೆಯುತ್ತಿದ್ದರು. ಅವು ಇದರ ಹತ್ತಿರದ ನೆಂಟರಲ್ಲ, ಯುರೋಪಿನ ಕಡೆಯ ತೋಳಗಳಿಗೆ ಹತ್ತಿರ ಅಂತಲೂ ಗೊತ್ತಾಯಿತು. ನೋಡಲು ಒಂದೇ ಥರ, ಗಾತ್ರವೂ ಒಂದೇ, ಆದರೆ ವಂಶ ಬೇರೆ. ಬರೀ ಅಳತೆ ಪಟ್ಟಿ ಹಿಡಿದು ನೋಡಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಮೂಳೆಮಾತು

ಒಪ್ಪುತ್ತೇನೆ. ಬುರುಡೆ ಅಳೆಯುವವನಾಗಿ ಹೇಳುತ್ತೇನೆ, ಮೂಳೆ ಜಾಗದ ಕಥೆ ಹೇಳುತ್ತದೆ, ವಂಶದ ಕಥೆಯನ್ನು ಅರ್ಧ ಮಾತ್ರ ಹೇಳುತ್ತದೆ. ಬಿಸಿಲಿನ ಎರಡು ಬಯಲುಗಳಲ್ಲಿ ಎರಡು ಬೇರೆ ವಂಶದ ತೋಳಗಳು ಒಂದೇ ಆಕಾರಕ್ಕೆ ಬರಬಹುದು.

ಎತ್ತರದೂರು

ಹಾಗಾದರೆ ಹಿಮಾಲಯದ ತೋಳದ ಬಗ್ಗೆಯೂ ಹೇಳಲೇಬೇಕು. ಲಡಾಖ್, ಸ್ಪಿತಿ, ನೇಪಾಳದ ಎತ್ತರದ ಕಣಿವೆಗಳು, ಟಿಬೆಟ್ ಪ್ರಸ್ಥಭೂಮಿ, ಇದೆಲ್ಲ ಅದರ ನೆಲ. ದಟ್ಟ ಉಣ್ಣೆಯಂಥ ತುಪ್ಪಳ, ಗಂಟಲು, ಎದೆ, ಹೊಟ್ಟೆ ಮತ್ತು ಕಾಲಿನ ಒಳಭಾಗ ಬೆಳ್ಳಗೆ.

ಹೊರಗೆ ಕಾಣದ್ದು ರಕ್ತದಲ್ಲಿದೆ. 4,000 ಮೀಟರ್ ಮೇಲೆ ಗಾಳಿಯಲ್ಲಿ ಆಮ್ಲಜನಕ ಸಾಲದು. ಈ ತೋಳಗಳಲ್ಲಿ ಇಪಿಎಎಸ್1 ಎಂಬ ಜೀನಿನ ಒಂದು ರೂಪ ಇದೆ. ತೆಳು ಗಾಳಿಯಲ್ಲೂ ಓಡಿ ಬೇಟೆಯಾಡಲು ಅದು ನೆರವಾಗುತ್ತದೆ. ಟಿಬೆಟ್‌ನ ಮಾಸ್ಟಿಫ್ ನಾಯಿಗಳಿಗೂ ಇದೇ ರೂಪ ಬಂದಿದೆ, ಅದೂ ಅಲ್ಲಿನ ತೋಳಗಳ ಜೊತೆ ಕೂಡಿದ್ದರಿಂದ. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ನಾಯಿಗೆ ಪರ್ವತ ಹತ್ತುವ ಶಕ್ತಿ ಕೊಟ್ಟಿದ್ದು ತೋಳ.

ಹೆಸರಿನ ಜಗಳ ಇನ್ನೂ ಮುಗಿದಿಲ್ಲ. ಚಾಂಕೊ ಅಂತ ಒಬ್ಬರು, ಫಿಲ್ಕ್‌ನೆರಿ ಅಂತ ಇನ್ನೊಬ್ಬರು, ಹಿಮಾಲಯೆನ್ಸಿಸ್ ಅಂತ ಮತ್ತೊಬ್ಬರು. ಆದರೆ 2023ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಪ್ರತ್ಯೇಕವಾಗಿ ಪರಿಗಣಿಸಿ ಅಪಾಯಕ್ಕೊಳಗಾಗಬಲ್ಲ ಪಟ್ಟಿಗೆ ಸೇರಿಸಿತು. ಜಗಳ ಮುಗಿಯುವ ತನಕ ಕಾಯಲಿಲ್ಲ, ಅದು ಒಳ್ಳೆಯದಾಯಿತು.

ಗಟ್ಟಿಪ್ರಶ್ನೆ

ಇಲ್ಲಿ ನನ್ನದೊಂದು ತಕರಾರು. ಜಾಗಕ್ಕೆ ತಕ್ಕ ತೋಳ ಅಂತ ಎಲ್ಲರೂ ಹೇಳುತ್ತಿದ್ದೀರಿ. ಹಾಗಾದರೆ ಯೆಲ್ಲೋಸ್ಟೋನ್‌ನಲ್ಲಿ ಮಾಡಿದ್ದು ಸರಿಯಾ? ಅಲ್ಲಿನ ಮೂಲ ತೋಳ ಇರಿಮೋಟಸ್ ಎಂಬ ಉಪಪ್ರಭೇದ. ಅದನ್ನು ಮುಗಿಸಿದ ಮೇಲೆ ಕೆನಡಾದಿಂದ ಆಕ್ಸಿಡೆಂಟಾಲಿಸ್ ತೋಳ ತಂದು ಬಿಟ್ಟರು. ಬೇರೆ ಬಗೆಯ, ದೊಡ್ಡ ತೋಳವನ್ನು ತಂದು ಅಲ್ಲಿನ ಎಲ್ಕ್‌ಗಳ ಮೇಲೆ ಹೇರಿದ ಹಾಗಲ್ವಾ?

ಹಿಮದಹೆಜ್ಜೆ

ಕೇಳಬೇಕಾದ ಪ್ರಶ್ನೆಯೇ. ಮೊದಲು ನಡೆದದ್ದು ಏನು ಅಂತ ನೋಡೋಣ. ಯೆಲ್ಲೋಸ್ಟೋನ್‌ನ ಹಳೆಯ ತೋಳಗಳನ್ನು 1926ರ ಹೊತ್ತಿಗೆ ಪೂರ್ತಿ ಕೊಂದು ಮುಗಿಸಿದ್ದರು. 1995ರಲ್ಲಿ ಆಲ್ಬರ್ಟಾದಿಂದ 14, 1996ರಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ 17, ಒಟ್ಟು 31 ತೋಳ ತಂದರು.

"ದೈತ್ಯ ಕೆನಡಾ ತೋಳ" ಅನ್ನುವ ಮಾತಿಗೆ ಆಧಾರ ಸಾಲದು. ಹಳೆಯ ಇರಿಮೋಟಸ್ ಹೆಸರು ನಿಂತಿರುವುದು ಬುರುಡೆಯ ಸಣ್ಣ ವ್ಯತ್ಯಾಸಗಳ ಮೇಲೆ. ನೊವಾಕ್ ಆ ಹೆಸರನ್ನು ಉಳಿಸಿಕೊಳ್ಳಲಿಲ್ಲ. ಜೊತೆಗೆ ಆಲ್ಬರ್ಟಾದಿಂದ ಯೆಲ್ಲೋಸ್ಟೋನ್‌ಗೆ ಇರುವುದು ಒಂದೇ ಬೆಟ್ಟಸಾಲು. ನಡುವೆ ಸಮುದ್ರ ಇಲ್ಲ, ಮರುಭೂಮಿ ಇಲ್ಲ. ಎಳೆ ತೋಳ ಹೆತ್ತ ಗುಂಪು ಬಿಟ್ಟು ಹೊರಟರೆ ನೂರಾರು ಕಿಲೋಮೀಟರ್ ನಡೆಯುವುದು ಮಾಮೂಲಿ. ಮನುಷ್ಯ ಬಂದೂಕು ಹಿಡಿಯುವ ಮೊದಲು ಆ ತೋಳಗಳು ಒಂದರೊಳಗೊಂದು ಬೆರೆಯುತ್ತಲೇ ಇದ್ದವು. ಎಲ್ಕ್, ಬೈಸನ್ ಬೇಟೆಯಾಡಿ ಗೊತ್ತಿರುವ ತೋಳ ಬೇಕು ಅಂತ ಹುಡುಕಿಯೇ ಅವನ್ನು ತಂದದ್ದು.

ಗಟ್ಟಿಪ್ರಶ್ನೆ

ಗಾತ್ರದ ವಿಷಯದಲ್ಲಿ ನನ್ನ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ಆದರೆ ಒಂದನ್ನು ಬಿಡುವುದಿಲ್ಲ. ಆ ಕಣಿವೆಗಳಲ್ಲೇ ತಲೆಮಾರುಗಳಿಂದ ಬೆಳೆದ ತೋಳಗಳು ಹೋದವು. ಯಾವ ದಾರಿ, ಯಾವ ಗುಹೆ, ಯಾವ ಕಾಲಕ್ಕೆ ಎಲ್ಕ್ ಎಲ್ಲಿಗೆ ಇಳಿಯುತ್ತದೆ ಅನ್ನುವ ಅವುಗಳ ತಿಳಿವಳಿಕೆ ಅವುಗಳ ಜೊತೆಗೇ ಹೋಯಿತು. ಹೆಸರು ಬೇರೆ ಇರಲಿ, ಒಂದೇ ಇರಲಿ, ಆ ನಷ್ಟ ನಷ್ಟವೇ.

ಹಿಮದಹೆಜ್ಜೆ

ಹೌದು. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಕಾರ್ಮೋಡ

ಯೆಲ್ಲೋಸ್ಟೋನ್ ಮಾತು ಬಂತಲ್ಲ, ಬಣ್ಣದ ಬಗ್ಗೆ ಒಂದು ಮಾತು. ಕಪ್ಪು ತೋಳದ ಫೋಟೋ ನೋಡಿ ಅದನ್ನೇ ಒಂದು ಉಪಪ್ರಭೇದ ಅಂದುಕೊಳ್ಳುವವರು ಬಹಳ ಜನ. ಅಲ್ಲ. ಯೆಲ್ಲೋಸ್ಟೋನ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತೋಳ ಕಪ್ಪು. ಒಂದೇ ಬಿಲದಲ್ಲಿ ಒಂದು ಮರಿ ಬೂದು, ಅದರ ಪಕ್ಕದ್ದು ಕಪ್ಪು. ಒಂದು ಜೀನಿನ ಬದಲಾವಣೆ ಅಷ್ಟೇ. ಅದು ಹಿಂದೊಂದು ಕಾಲದಲ್ಲಿ ನಾಯಿಗಳಿಂದ ಉತ್ತರ ಅಮೆರಿಕದ ತೋಳಗಳಿಗೆ ಬಂದದ್ದು ಅಂತ 2009ರಲ್ಲಿ ತಿಳಿಯಿತು.

ಎತ್ತರದೂರು ಅವರು ಹೇಳಿದ ಮಾಸ್ಟಿಫ್ ಕಥೆಯ ಜೊತೆ ಇದನ್ನು ಇಟ್ಟು ನೋಡಿ. ಅಲ್ಲಿ ತೋಳ ನಾಯಿಗೆ ಕೊಟ್ಟಿತು, ಇಲ್ಲಿ ನಾಯಿ ತೋಳಕ್ಕೆ ಕೊಟ್ಟಿತು.

ದ್ವೀಪದೀಪ

ಯುರೋಪನ್ನು ಯಾರೂ ಮುಟ್ಟಲಿಲ್ಲ. ಅಲ್ಲಿ ಬಹುಭಾಗಕ್ಕೆ ಕ್ಯಾನಿಸ್ ಲೂಪಸ್ ಲೂಪಸ್ ಎಂಬ ಉಪಪ್ರಭೇದ ಒಂದೇ. ಆದರೆ ಎರಡು ಪರ್ಯಾಯ ದ್ವೀಪಗಳಲ್ಲಿ ಬೇರೆ ಮುಖಗಳಿವೆ. ಸ್ಪೇನ್, ಪೋರ್ಚುಗಲ್‌ನ ಐಬೀರಿಯನ್ ತೋಳಕ್ಕೆ 1907ರಲ್ಲಿ ಕಬ್ರೆರಾ ಇಟ್ಟ ಹೆಸರು ಸಿಗ್ನೇಟಸ್, ಅಂದರೆ ಗುರುತುಳ್ಳದ್ದು. ಮುಂಗಾಲಿನ ಮೇಲೆ ಉದ್ದಕ್ಕೆ ಕಪ್ಪು ಪಟ್ಟಿ, ಮೇಲ್ದುಟಿಯ ಬಳಿ ಬಿಳಿ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಇಟಲಿಯದು ಇಟಾಲಿಕಸ್, 1921ರಲ್ಲಿ ಬಂದ ಹೆಸರು. 1970ರ ದಶಕದಲ್ಲಿ ಅಪೆನೈನ್ ಬೆಟ್ಟಗಳಲ್ಲಿ ನೂರರಷ್ಟು ತೋಳ ಮಾತ್ರ ಉಳಿದಿದ್ದವು. ತಲೆಮಾರುಗಟ್ಟಲೆ ತಮ್ಮೊಳಗೇ ಬೆಳೆದವು. ಅವುಗಳ ವಂಶವಾಹಿ ಬೇರೆಯಾಗಿ ಕಾಣಲು ಅದೂ ಒಂದು ಕಾರಣ.

ಆಮೇಲೆ ಸ್ಲಾವ್ಸ್ ಬಂದ. ಸ್ಲೊವೇನಿಯಾದಲ್ಲಿ 2011ರಲ್ಲಿ ಕೊರಳಪಟ್ಟಿ ಹಾಕಿಸಿಕೊಂಡ ಎಳೆ ಗಂಡು ತೋಳ. ಡಿಸೆಂಬರ್‌ನಲ್ಲಿ ಹುಟ್ಟಿದ ಕಾಡು ಬಿಟ್ಟ. ಹೆದ್ದಾರಿ ದಾಟಿ, ನದಿ ಈಜಿ, ಹಿಮದ ಆಲ್ಪ್ಸ್ ಹಾದು ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು ನಡೆದು ಇಟಲಿಯ ಲೆಸ್ಸಿನಿಯಾ ತಲುಪಿದ. ಅಲ್ಲಿ ಒಂಟಿ ಹೆಣ್ಣು ತೋಳವೊಂದು ಸಿಕ್ಕಿತು. ಅದು ಇಟಲಿಯ ವಂಶದ್ದು. ಜನ ಅದಕ್ಕೆ ಜೂಲಿಯೆಟ್ ಅಂದರು. ಅವರಿಗೆ ಮರಿಗಳಾದವು. ಬಹಳ ಕಾಲದಿಂದ ದೂರವಾಗಿದ್ದ ಎರಡು ವಂಶ ಒಬ್ಬನ ನಡಿಗೆಯಿಂದ ಕೂಡಿತು. ಈಗ ಆ ಮರಿಗಳಿಗೆ ಯಾವ ಉಪಪ್ರಭೇದ ಅಂತ ಬರೆಯುತ್ತೀರಿ?

ಮೂಳೆಮಾತು

ತೋಳ ಅಂತ ಬರೆಯುತ್ತೇನೆ. ನಿಜವಾಗಿಯೂ.

ದ್ವೀಪದೀಪ

ಇನ್ನೊಂದು, ಇದು ನೋವಿನದು. ಜಪಾನಿನಲ್ಲಿ ಎರಡು ತೋಳಗಳಿದ್ದವು. ಹೊಕ್ಕೈಡೊದಲ್ಲಿ ದೊಡ್ಡದು. ಹೊನ್ಶು, ಶಿಕೊಕು, ಕ್ಯೂಶುಗಳಲ್ಲಿ ಹೊಡೊಫಿಲಾಕ್ಸ್ ಎಂಬ ಪುಟ್ಟದು, ಗಿಡ್ಡ ಕಾಲಿನದು. ಹೊಕ್ಕೈಡೊದ್ದನ್ನು ಕುದುರೆ, ದನ ಸಾಕಣೆಗಾಗಿ ಸ್ಟ್ರಿಕ್ನೀನ್ ವಿಷವಿಟ್ಟು 19ನೇ ಶತಮಾನ ಮುಗಿಯುವುದರೊಳಗೆ ಮುಗಿಸಿದರು. ಹೊನ್ಶು ತೋಳದ ಕೊನೆಯ ಮಾದರಿ 1905ರದು, ನಾರಾ ಪ್ರಾಂತ್ಯದ್ದು. ಅದರ ಚರ್ಮ ಈಗ ಲಂಡನ್‌ನ ಮ್ಯೂಸಿಯಂನಲ್ಲಿದೆ. ಆ ತೋಳ ಹೇಗೆ ಕೂಗುತ್ತಿತ್ತು, ಗುಂಪಿನಲ್ಲಿ ಎಷ್ಟಿರುತ್ತಿದ್ದವು ಅಂತ ಹೇಳಲು ಒಂದು ಧ್ವನಿಮುದ್ರಣವೂ ಇಲ್ಲ.

ಎತ್ತರದೂರು

ಕೂಗಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೋಳ, ನಾಯಿ ಮತ್ತು ತೋಳದ ನೆಂಟ ಕಯೋಟಿಗಳ 2,000ಕ್ಕೂ ಹೆಚ್ಚು ಕೂಗುಗಳನ್ನು ಕಂಪ್ಯೂಟರ್‌ನಿಂದ ವಿಂಗಡಿಸಿ 21 ಬಗೆ ಗುರುತಿಸಿದರು. ಯಾವ ಬಗೆಯನ್ನು ಎಷ್ಟು ಬಳಸುತ್ತವೆ ಅನ್ನುವುದು ಪ್ರಭೇದದಿಂದ ಪ್ರಭೇದಕ್ಕೆ, ಉಪಪ್ರಭೇದದಿಂದ ಉಪಪ್ರಭೇದಕ್ಕೆ ಬೇರೆ. ಮೈ, ಮೂಳೆ, ರಕ್ತ ಆಯಿತು, ದನಿಯಲ್ಲೂ ಜಾಗದ ಗುರುತು ಇದೆ.

ಬಯಲುಗಾಳಿ

ಓದುತ್ತಾ ಓದುತ್ತಾ ನನಗೆ ಅನ್ನಿಸಿದ್ದು, ಗೆರೆಗಳು ಇಷ್ಟು ಮಸುಕಾಗಿದ್ದರೆ ಹೆಸರುಗಳನ್ನೇ ಬಿಟ್ಟುಬಿಡಬಾರದಾ? ಎಲ್ಲವನ್ನೂ ಬೂದು ತೋಳ ಅಂದರೆ ಸಾಕಲ್ವಾ?

ಕುರುಚಲುಕಾಡು

ದಯವಿಟ್ಟು ಬೇಡ. ಮೆಕ್ಸಿಕೋದ ತೋಳ ನೋಡಿ, ಬೈಲಿ ಎಂಬ ಉಪಪ್ರಭೇದ. ಉತ್ತರ ಅಮೆರಿಕದ ತೋಳಗಳಲ್ಲೇ ಪುಟ್ಟದು. ಕಾಡಿನಲ್ಲಿ ಬಹುತೇಕ ಮುಗಿದೇ ಹೋಗಿತ್ತು. 1977ರಿಂದ 1980ರವರೆಗೆ ಮೆಕ್ಸಿಕೋದಲ್ಲಿ ಹುಡುಕಿ ಹಿಡಿದದ್ದು ಐದೇ ತೋಳ. ಮೊದಲೇ ಬಂಧನದಲ್ಲಿದ್ದ ವಂಶಗಳನ್ನೂ ಸೇರಿಸಿದರೆ ಇವತ್ತಿನ ಎಲ್ಲ ಮೆಕ್ಸಿಕನ್ ತೋಳಗಳ ಮೂಲ ಏಳು ಪ್ರಾಣಿಗಳು. 1998ರಲ್ಲಿ ಅರಿಜೋನಾದಲ್ಲಿ ಮತ್ತೆ ಕಾಡಿಗೆ ಬಿಟ್ಟರು. "ಬೂದು ತೋಳ ಅಲಾಸ್ಕಾದಲ್ಲಿ ಬೇಕಾದಷ್ಟಿದೆ" ಅಂತ ಕೈ ತೊಳೆದುಕೊಂಡಿದ್ದರೆ ಇದು ಆಗುತ್ತಿತ್ತಾ? ಇದು ನಿಜವಾದ ಉಪಪ್ರಭೇದವೇ ಅನ್ನುವ ಪ್ರಶ್ನೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳವರೆಗೆ ಹೋಯಿತು. 2019ರ ವರದಿ ಹೌದು ಅಂದಿತು.

ಭಾರತದ ತೋಳಕ್ಕೂ ಇದೇ ಮಾತು. ಜಗತ್ತಿನಲ್ಲಿ ಬೂದು ತೋಳಕ್ಕೆ ಅಪಾಯ ಇಲ್ಲ ಅನ್ನುವ ಸಾಲು ಓದಿ ಜನ ಸುಮ್ಮನಾಗುತ್ತಾರೆ. ಇಲ್ಲಿರುವುದು ಮೂರು ಸಾವಿರದ ಆಸುಪಾಸು. ಹುಲ್ಲುಗಾವಲನ್ನು ಪಾಳು ಭೂಮಿ ಅಂತ ಕರೆದು ಮುಗಿಸುತ್ತಿದ್ದೇವೆ. ಬೀದಿನಾಯಿಗಳಿಂದ ರೋಗ ಬರುತ್ತದೆ, ಬೆರಕೆಯೂ ಆಗುತ್ತದೆ. ಪುಣೆ ಬಳಿಯ ಹುಲ್ಲುಗಾವಲಿನಲ್ಲಿ ತೋಳ ಮತ್ತು ನಾಯಿ ಬೆರೆತದ್ದು ಜೀನೋಮ್ ಪರೀಕ್ಷೆಯಿಂದ 2023ರಲ್ಲಿ ಖಚಿತವಾಯಿತು. ಅಷ್ಟು ಹಳೆಯ ಕವಲು ಹೀಗೆ ಕರಗಿಹೋದರೆ ಅಲಾಸ್ಕಾದಿಂದ ತಂದು ತುಂಬಲು ಆಗುವುದಿಲ್ಲ.

ಬಯಲುಗಾಳಿ

ಸರಿ, ನನ್ನ ಪ್ರಶ್ನೆ ವಾಪಸ್. ಕೊನೆಯದಾಗಿ ಒಂದು ಕೇಳುತ್ತೇನೆ. ಬಯಲಿನಲ್ಲಿ ದೂರದಿಂದ ಕಂಡ ಪ್ರಾಣಿ ತೋಳವಾ, ನಾಯಿಯಾ, ಬೆರಕೆಯಾ ಅಂತ ಗುರುತಿಸುವುದು ಹೇಗೆ?

ಕುರುಚಲುಕಾಡು

ಬಾಲ ನೋಡಿ. ತೋಳದ ಬಾಲ ನೇರ ಕೆಳಗೆ ಇಳಿದಿರುತ್ತದೆ, ನಾಯಿಯ ಹಾಗೆ ಮೇಲಕ್ಕೆ ಸುರುಳಿಯಾಗುವುದಿಲ್ಲ. ಕಣ್ಣು ಹಳದಿ ಅಥವಾ ಜೇನಿನ ಬಣ್ಣ. ಬೆರಕೆಯಲ್ಲಿ ಮೈಬಣ್ಣ ವಿಚಿತ್ರವಾಗಿ ತಿಳಿಯಾಗಿರಬಹುದು, ಮಚ್ಚೆ ಇರಬಹುದು, ಆದರೆ ಕಣ್ಣಳತೆಯಲ್ಲಿ ಖಚಿತ ಅನ್ನಬೇಡಿ, ಅದಕ್ಕೆ ಪರೀಕ್ಷೆಯೇ ಬೇಕು.

ಪ್ರಾಣಿ ಹೋದ ಮೇಲೆ ನೆಲವನ್ನೂ ನೋಡಿ. ತೋಳದ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ, ಸಾಲು ನೇರ ಹೋಗುತ್ತದೆ. ನಾಯಿಯ ಹೆಜ್ಜೆ ಅತ್ತಿತ್ತ ಅಲೆಯುತ್ತದೆ. ಗುರುತಿನ ಪಕ್ಕದಲ್ಲಿ ಅಳತೆಗೆ ಏನಾದರೂ ಇಟ್ಟು ಮೇಲಿಂದ ನೇರವಾಗಿ ಫೋಟೋ ತೆಗೆಯಿರಿ. ಬಿಲ ಕಂಡರೆ ಮಾತ್ರ ಹತ್ತಿರ ಹೋಗಬೇಡಿ, ಜಾಗವನ್ನು ಎಲ್ಲೂ ಬರೆಯಬೇಡಿ.

ಬಯಲುಗಾಳಿ

ಹೋದ ವಾರ ತೆಗೆದ ಒಂದು ಫೋಟೋ ಇದೆ. ಈಗ ತೆಗೆದು ನೋಡಿದೆ. ಒಣಗಿದ ಕೆಸರಿನ ಮೇಲೆ ಹನ್ನೊಂದು ಹೆಜ್ಜೆ, ಹಗ್ಗ ಹಿಡಿದು ಎಳೆದ ಹಾಗೆ ನೇರ ಸಾಲು. ಅಳತೆಗೆ ಏನೂ ಇಟ್ಟಿಲ್ಲ. ನಾಳೆ ಬೆಳಗ್ಗೆ ಮತ್ತೆ ಹೋಗುತ್ತೇನೆ.